ವಿನ್ಯಾಸದ ಕೆಲಸಕ್ಕೆ ಕರಾರು ಬರೆಯುವುದು: ‘ಫೈನಲ್’ ಎಂದರೆ ಎಲ್ಲಿಗೆ ಫೈನಲ್?

ಧಾರವಾಡ, ವಿನ್ಯಾಸಕಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಸಪ್ತಾಪುರದಲ್ಲಿ ಮನೆಯಿಂದಲೇ ಲೋಗೋ, ಪ್ಯಾಕೆಟ್, ಕರಪತ್ರ, ಪುಸ್ತಕದ ಮುಖಪುಟ ಇವುಗಳ ವಿನ್ಯಾಸ ಮಾಡಿಕೊಂಡಿದ್ದೇನೆ. ನೌಕರಿಯಿಲ್ಲ, ಪಾಲುದಾರರಿಲ್ಲ. ನಾಲ್ಕು ವರ್ಷ ಬಾಯಿಮಾತಿನ ಮೇಲೆಯೇ ಕೆಲಸ ನಡೆಯಿತು. ಹೆಚ್ಚಿನವರು ಹೇಳಿದ ದಿನಕ್ಕೆ ಹೇಳಿದಷ್ಟು ಹಣ ಕೊಟ್ಟಿದ್ದಾರೆ ಎಂಬುದನ್ನೂ ಮೊದಲೇ ಹೇಳಬೇಕು. ಆದರೆ ಏಳು ತಿಂಗಳ ಹಿಂದೆ ಕೊಟ್ಟು ಮುಗಿಸಿದ, ಅಥವಾ ಮುಗಿಸಿದೆನೆಂದು ನಾನು ತಿಳಿದುಕೊಂಡ, ಒಂದು ಕೆಲಸ ನನ್ನನ್ನು ಇಲ್ಲಿಗೆ ತಂದಿದೆ.

ಮಸಾಲೆ ಪುಡಿ ಮಾರುವ ಒಂದು ಮನೆತನದವರಿಗೆ ಲೋಗೋ ಮತ್ತು ನಾಲ್ಕು ಅಳತೆಯ ಖಾರದಪುಡಿ ಪ್ಯಾಕೆಟ್‌ಗಳನ್ನು 18,000 ರೂಪಾಯಿಗೆ ಮಾಡಿಕೊಡುವುದೆಂದು ಫೋನಿನಲ್ಲಿ ಮಾತಾಯಿತು. 6,000 ಮುಂಗಡ ಬಂತು. ಕರಾರು ಪತ್ರದ ಮಾತು ತೆಗೆದಾಗ ಮನೆಯ ಹಿರಿಯರು ನಕ್ಕು, “ನಮ್ಮ ನಿಮ್ಮ ನಡುವ ಕಾಗದ ಯಾಕ ಬೇಕ್ರೀ ಮೇಡಮ್ಮಾರ, ನಾವೇನು ಊರು ಬಿಟ್ಟು ಹೋಗ್ತೇವೇನು?” ಎಂದರು. ಮುಂದೆ ಮಾತಾಡಲು ನನಗೇ ಸಂಕೋಚವಾಯಿತು. ಬಳಿಕ ಹನ್ನೊಂದು ಸುತ್ತು ತಿದ್ದುಪಡಿಯಾಯಿತು. ಹನ್ನೊಂದನೆಯ ಸುತ್ತಿನ ವಾಟ್ಸಾಪ್ ಸಂದೇಶ ಇನ್ನೂ ನನ್ನ ಬಳಿ ಇದೆ: ಮೆಣಸಿನಕಾಯಿ ಇನ್ನಷ್ಟು ಕೆಂಪಾಗಲಿ, ಹಿನ್ನೆಲೆಗೆ ಮೊದಲಿನ ಹಳದಿಯೇ ಚೆನ್ನಾಗಿತ್ತು, ಎಡಗಡೆ ಅಜ್ಜಿಯ ಫೋಟೋ ಬರಲಿ, ಉಳಿದದ್ದು ಹಾಗೆಯೇ ಇರಲಿ. ಆಮೇಲೆ ಓಪನ್ ಫೈಲ್, ಅಂದರೆ ತೆರೆದು ಬದಲಿಸಬಹುದಾದ ಮೂಲ ಫೈಲ್, ಕೇಳಿದರು, ಕಳಿಸಿದೆ. ಈಗ ಆ ಲೋಗೋ ಅಂಗಡಿಯ ಬೋರ್ಡಿನ ಮೇಲೂ ಇದೆ, ಮಾಲು ಸಾಗಿಸುವ ಗಾಡಿಯ ಮೇಲೂ ಇದೆ. 12,000 ರೂಪಾಯಿ ಮಾತ್ರ ಬಾಕಿ ಉಳಿದಿದೆ. ಕೇಳಿದಾಗಲೆಲ್ಲ “ಇನ್ನೂ ಫೈನಲ್ ಆಗಿಲ್ಲಲ್ರೀ” ಎಂಬ ಒಂದೇ ಉತ್ತರ.

ಇನ್ನು ಮುಂದೆ ಪ್ರತಿ ಕೆಲಸಕ್ಕೂ ಕಳಿಸಲೆಂದು ಐದು ವಾಕ್ಯ ಬರೆದಿಟ್ಟುಕೊಂಡಿದ್ದೇನೆ. ‘ಎರಡು ತಿದ್ದುಪಡಿಗಳು ಉಚಿತ. ಅರ್ಧ ಹಣ ಮುಂಗಡ. ಕೆಲಸ ಮುಗಿದ ಮೇಲೆ ಉಳಿದ ಹಣ. ತಡವಾದರೆ ದಿನಕ್ಕೆ 500 ರೂಪಾಯಿ ದಂಡ. ಎಲ್ಲ ಹಕ್ಕುಗಳೂ ವಿನ್ಯಾಸಕಿಯವು.’ ತಿಳಿದವರು ಇದನ್ನು ನಿರ್ದಾಕ್ಷಿಣ್ಯವಾಗಿ ಒಡೆದು ನೋಡಬೇಕೆಂದು ಕೋರುತ್ತೇನೆ.

ಗದಗ, ಮುದ್ರಣಾಲಯ ನಡೆಸುವವರು

ತಂಗೀ, ನಿಮ್ಮ ಮೊದಲ ವಾಕ್ಯದಲ್ಲಿಯೇ ಜಗಳ ಕುಳಿತಿದೆ. ‘ತಿದ್ದುಪಡಿ’ ಎಂದರೆ ಏನು ಎಂದು ನೀವು ಹೇಳಿಲ್ಲ. ನಮ್ಮ ಪ್ರೆಸ್ಸಿನಲ್ಲಿ ಇದಕ್ಕೆ ಮೂರು ಬೇರೆ ಬೇರೆ ಮಾತುಗಳಿವೆ. ನಾವು ತಪ್ಪು ಜೋಡಿಸಿದ್ದನ್ನು ಸರಿಪಡಿಸುವುದು ಪ್ರೂಫ್ ತಿದ್ದುವುದು. ಅದಕ್ಕೆ ಯಾವ ಕಾಲಕ್ಕೂ ಹಣವಿಲ್ಲ, ತಪ್ಪು ನಮ್ಮದೇ. ಗಿರಾಕಿ ತಾನು ಕೊಟ್ಟ ಬರಹವನ್ನು ತಾನೇ ಬದಲಿಸಿದರೆ ಅದು ಮ್ಯಾಟರ್ ಬದಲು. ಒಂದೆರಡು ಸಾಲಾದರೆ ಸುಮ್ಮನೆ ಮಾಡಿಕೊಡುತ್ತೇವೆ, ಒಂದು ಪುಟವಾದರೆ ಲೆಕ್ಕ ಹಚ್ಚುತ್ತೇವೆ. ಹಳದಿಯನ್ನು ಹಸಿರು ಮಾಡಿ ಅಜ್ಜಿಯನ್ನು ಎಡಕ್ಕೆ ತಂದರೆ ಅದು ಡಿಸೈನ್ ಬದಲು, ಅಂದರೆ ಹೊಸ ಕೆಲಸ. ನಿಮ್ಮ ಹನ್ನೊಂದು ಸುತ್ತುಗಳನ್ನು ಈ ಮೂರು ಬುಟ್ಟಿಗೆ ಹಾಕಿ ನೋಡಿದರೆ ನಿಜವಾದ ತಿದ್ದುಪಡಿ ಮೂರೋ ನಾಲ್ಕೋ ಇದ್ದಾವು.

ನಮ್ಮ ಊರನ್ನು ಮುದ್ರಣ ಕಾಶಿ ಎಂದು ಕರೆಯುತ್ತಾರೆ. ಆ ಹೆಸರು ಉಳಿದುಕೊಂಡು ಬಂದಿರುವುದರಲ್ಲಿ ಒಂದು ಸಣ್ಣ ಪದ್ಧತಿಯ ಪಾಲೂ ಇದೆ ಎಂದು ನನ್ನ ನಂಬಿಕೆ. ಅಚ್ಚುಮೊಳೆ ಜೋಡಿಸುವ ಕಾಲದಿಂದಲೂ, ಕೊನೆಯ ಪ್ರೂಫಿನ ಮೇಲೆ ಗಿರಾಕಿಯೇ ‘ನೋಡಿದ್ದೇನೆ, ಮುದ್ರಿಸಬಹುದು’ ಎಂದು ಬರೆದು, ಸಹಿ ಮಾಡಿ, ತಾರೀಖು ಹಾಕದ ಹೊರತು ಯಂತ್ರ ತಿರುಗಿಸುತ್ತಿರಲಿಲ್ಲ. ಈ ಪದ್ಧತಿಯನ್ನು ಒಂದೇ ಒಂದು ಸಲ ಬಿಟ್ಟುಕೊಟ್ಟೆ. ತಿಂಡಿ ಪದಾರ್ಥದ ಪೌಚಿನ ಕೆಲಸ. ಗಿರಾಕಿ ಅವಸರದಲ್ಲಿದ್ದರು, ಫೋನಿನಲ್ಲಿಯೇ “ಓಕೆ” ಎಂದರು. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ಪರವಾನಗಿ ಸಂಖ್ಯೆಗೆ 14 ಅಂಕಿಗಳಿರಬೇಕು. ಅವರು ಕಳಿಸಿದ ಬರಹದಲ್ಲಿ ಇದ್ದದ್ದು 13. ವಿನ್ಯಾಸ ಮಾಡಿದ ಹುಡುಗ ಎಣಿಸಲಿಲ್ಲ, ನಾನು ಎಣಿಸಲಿಲ್ಲ, ಗಿರಾಕಿಯೂ ಎಣಿಸಲಿಲ್ಲ. ಎಂಟು ಸಾವಿರ ಪೌಚ್ ಅಚ್ಚಾದ ಮೇಲೆ ಅವರ ಅಂಗಡಿಯ ಗುಮಾಸ್ತ ಎಣಿಸಿದ. ಕೊನೆಗೆ ಆ ನಷ್ಟವನ್ನು ಮೂವರೂ ಹಂಚಿಕೊಂಡೆವು, ಮೂವರಿಗೂ ಅನ್ಯಾಯವಾಯಿತೆಂದೇ ಮೂವರೂ ಇಂದಿಗೂ ಅಂದುಕೊಂಡಿದ್ದೇವೆ.

ಆದ್ದರಿಂದ ಬರೆಯಿರಿ: ಪ್ಯಾಕೆಟ್ಟಿನ ಮೇಲಿನ ಬರಹ, ತೂಕ, ಬೆಲೆ, ಪರವಾನಗಿ ಸಂಖ್ಯೆ, ಪದಾರ್ಥಗಳ ಪಟ್ಟಿ ಇವೆಲ್ಲ ಗಿರಾಕಿ ಒದಗಿಸತಕ್ಕದ್ದು, ಕೊನೆಯ ಪ್ರೂಫಿನಲ್ಲಿ ಅವನ್ನು ಓದಿ ಒಪ್ಪುವ ಹೊಣೆಯೂ ಗಿರಾಕಿಯದು, ಒಪ್ಪಿದ ಪ್ರೂಫಿಗೂ ಕೊಟ್ಟ ಫೈಲಿಗೂ ವ್ಯತ್ಯಾಸ ಬಂದರೆ ಮಾತ್ರ ಹೊಣೆ ವಿನ್ಯಾಸಕಿಯದು. ‘ಫೋನಿನಲ್ಲಿ ಹೇಳಿದ ಒಪ್ಪಿಗೆ ಒಪ್ಪಿಗೆಯಲ್ಲ’ ಎಂದು ಒಂದು ಸಾಲು ಸೇರಿಸಿದರೆ ಇನ್ನೂ ಒಳ್ಳೆಯದು.

ಹುಬ್ಬಳ್ಳಿ, ವಿದ್ಯಾನಗರ, ಲೋಗೋ ಕೆಲಸ ಮಾಡುವವನು

ಹಿರಿಯರ ಮಾತಿಗೆ ಎದುರಾಡುತ್ತೇನೆಂದು ತಪ್ಪು ತಿಳಿಯಬಾರದು. ಪುಸ್ತಕದಂಥ ಕರಾರು ಕಳಿಸಿದರೆ ಹುಬ್ಬಳ್ಳಿಯ ಗಿರಾಕಿ ಮರುದಿನ ಫೋನ್ ಎತ್ತುವುದಿಲ್ಲ. ಕೊಪ್ಪೀಕರ ರಸ್ತೆಯಲ್ಲಿ ಯಾವುದಾದರೂ ಅಂಗಡಿಗೆ ಹೋಗಿ ಐದುನೂರು ರೂಪಾಯಿಗೆ ಒಂದು ಲೋಗೋ ಮಾಡಿಸಿಕೊಂಡು ಬರುತ್ತಾನೆ. ನಾನು ಕಂಡುಕೊಂಡ ದಾರಿ ಸರಳವಾದದ್ದು. ಹತ್ತು ಸಾವಿರದ ಒಳಗಿನ ಕೆಲಸವಾದರೆ ಪೂರ್ಣ ಹಣ ಮುಂಗಡ, ಕರಾರಿಲ್ಲ. ಅದಕ್ಕಿಂತ ದೊಡ್ಡದಾದರೆ ಮೂರು ಕಂತು. ಓಪನ್ ಫೈಲನ್ನಂತೂ ಕೊನೆಯ ಕಂತು ಖಾತೆಗೆ ಬೀಳುವವರೆಗೆ ನಾನು ಕೊಡುವುದಿಲ್ಲ. ಅಲ್ಲಿಯವರೆಗೆ ನೀರುಗುರುತು ಹಾಕಿದ ಜೆಪಿಜಿ ಮಾತ್ರ.

ಅಕ್ಕಾ, ನೀವು ಓಪನ್ ಫೈಲ್ ಕೊಟ್ಟ ಗಳಿಗೆಯಲ್ಲಿಯೇ ನಿಮ್ಮ ಕೈ ಖಾಲಿಯಾಯಿತು. ಕಾಗದವಿದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ.

ಹುಬ್ಬಳ್ಳಿ, ವಕೀಲರು

ಹಣ ಬರುವವರೆಗೆ ಫೈಲ್ ಹಿಡಿದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕರಾರು ಎಂದರೆ ವಿನ್ಯಾಸಗಾರನು ಗಿರಾಕಿಯನ್ನು ಕಟ್ಟಿಹಾಕುವ ಹಗ್ಗ ಎಂಬ ಭಾವನೆಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಕಾನೂನಿನ ದೃಷ್ಟಿಯಿಂದ ನೋಡಿದರೆ ಈ ಕಾಗದದ ಅಗತ್ಯ ವಿನ್ಯಾಸಗಾರನಿಗಿಂತ ಗಿರಾಕಿಗೇ ಹೆಚ್ಚು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವನು. ಸಂಬಳದ ನೌಕರ ತನ್ನ ನೌಕರಿಯ ಭಾಗವಾಗಿ ಮಾಡಿದ್ದು ಮಾಲೀಕನದಾಗುತ್ತದೆ, ಆದರೆ ಬಿಡಿಯಾಗಿ ಕೆಲಸ ಮಾಡಿಕೊಡುವವನು ನೌಕರನಲ್ಲ. ಹಣ ಕೊಟ್ಟು ತೆಗೆಸಿದ ಫೋಟೋ, ಹಣ ಕೊಟ್ಟು ಬರೆಸಿದ ವರ್ಣಚಿತ್ರ ಇಂಥ ಕೆಲವಕ್ಕೆ ಮಾತ್ರ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಡಿಸಿಕೊಂಡವನೇ ಒಡೆಯ. ಕಂಪ್ಯೂಟರಿನಲ್ಲಿ ರಚಿಸಿದ ಲೋಗೋ ಆ ಪಟ್ಟಿಯಲ್ಲಿ ಹೆಸರಿಟ್ಟು ಬರುವುದಿಲ್ಲ. ಇನ್ನು 19ನೆಯ ಕಲಮು ಹೇಳುವುದೇನೆಂದರೆ, ಕೃತಿಸ್ವಾಮ್ಯವನ್ನು ಇನ್ನೊಬ್ಬರಿಗೆ ವರ್ಗಾಯಿಸುವುದಾದರೆ ಅದು ಬರಹದಲ್ಲಿರಬೇಕು, ವರ್ಗಾಯಿಸುವವರ ಸಹಿ ಇರಬೇಕು, ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ ಎಂಬುದು ಅದರಲ್ಲಿರಬೇಕು. ಕಾಲ ಹೇಳದಿದ್ದರೆ ಐದು ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದೂ ಕಾಯ್ದೆಯೇ ತುಂಬಿಕೊಳ್ಳುತ್ತದೆ. ವರ್ಗಾವಣೆಯಾದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ರೀತಿ ಬರೆದಿರದ ಹೊರತು, ಅದು ಕಳೆದುಹೋಗುತ್ತದೆ.

ಅಂದರೆ, “ಕಾಗದ ಯಾಕ ಬೇಕ್ರೀ” ಎಂದ ಆ ಹಿರಿಯರ ಅಂಗಡಿಯ ಬೋರ್ಡಿನ ಮೇಲಿರುವ ಲೋಗೋ ಇಂದಿಗೂ ಅವರದಲ್ಲ. ಅದನ್ನು ಬಳಸಲು ನೀವು ಅನುಮತಿ ಕೊಟ್ಟಿದ್ದಿರಿ ಎಂದು ಅವರು ವಾದಿಸಬಹುದು, ಆ ವಾದದಲ್ಲಿ ಸ್ವಲ್ಪ ಹುರುಳೂ ಇದ್ದೀತು. ಆದರೆ ಒಡೆತನ ತಮಗೆ ಬಂದಿದೆ ಎಂದು ತೋರಿಸಲು ಅವರ ಬಳಿ ನಿಮ್ಮ ಸಹಿಯಿರುವ ಒಂದು ಚೀಟಿಯೂ ಇಲ್ಲ. ನಾಳೆ ಅದನ್ನು ಟ್ರೇಡ್‌ಮಾರ್ಕ್ ಮಾಡಿಸಲು ಹೊರಟರೆ, ಅಥವಾ ವ್ಯಾಪಾರವನ್ನು ಮತ್ತೊಬ್ಬರಿಗೆ ಮಾರಲು ಹೊರಟರೆ, ಆ ಚೀಟಿಯನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ. ಮುಂದಿನ ಗಿರಾಕಿಗೆ ಕರಾರಿನ ಮಾತು ತೆಗೆಯುವಾಗ ‘ನನ್ನ ಹಣಕ್ಕೆ ಭದ್ರತೆ ಬೇಕು’ ಎಂದು ಆರಂಭಿಸಬೇಡಿರಿ. ‘ಈ ಲೋಗೋ ನಿಮ್ಮ ಹೆಸರಿಗೆ ಆಗಬೇಕಾದರೆ ನನ್ನ ಸಹಿ ಬೇಕು, ಅದಕ್ಕಾಗಿ ಈ ಪತ್ರ’ ಎಂದು ಆರಂಭಿಸಿರಿ. ಹೊಲದ ಖರೀದಿಪತ್ರವಿಲ್ಲದೆ ಹಣ ಎಣಿಸುವವರು ನಮ್ಮ ಕಡೆ ಯಾರೂ ಇಲ್ಲ; ಇದೂ ಅಂಥದ್ದೇ ಎಂದರೆ ಯಾರಿಗೂ ತಿಳಿಯುತ್ತದೆ.

ಈ ಕಾರಣದಿಂದಲೇ ನಿಮ್ಮ ಐದನೆಯ ವಾಕ್ಯ, ‘ಎಲ್ಲ ಹಕ್ಕುಗಳೂ ವಿನ್ಯಾಸಕಿಯವು’ ಎಂಬುದು, ನನಗೆ ಒಪ್ಪಿಗೆಯಿಲ್ಲ. ಲೋಗೋ ಮಾಡಿಸಿಕೊಂಡವನು ಅದನ್ನು ಬಾಡಿಗೆಗೆ ಪಡೆದಂತಾಗುತ್ತದೆ. ಪೂರ್ಣ ಹಣ ಸಂದ ದಿನ ಆಯ್ಕೆಯಾದ ವಿನ್ಯಾಸದ ಕೃತಿಸ್ವಾಮ್ಯ ಗಿರಾಕಿಗೆ ವರ್ಗವಾಗುತ್ತದೆ, ಅಲ್ಲಿಯವರೆಗೆ ನಿಮ್ಮಲ್ಲಿರುತ್ತದೆ, ಆಯ್ಕೆಯಾಗದ ಮಾದರಿಗಳು ಯಾವತ್ತೂ ನಿಮ್ಮವೇ ಎಂದು ಬರೆಯಿರಿ. ಹಣಕ್ಕೂ ಹಕ್ಕಿಗೂ ಹೀಗೆ ಗಂಟು ಬಿದ್ದರೆ ದಂಡದ ವಾಕ್ಯ ಬೇಕಾಗುವುದೇ ಇಲ್ಲ. ಹೇಗೂ ಆ ದಿನಕ್ಕೆ 500 ನಿಲ್ಲುವುದು ಕಷ್ಟ. 1872ರ ಕರಾರು ಕಾಯ್ದೆಯ 74ನೆಯ ಕಲಮಿನಂತೆ ನ್ಯಾಯಾಲಯವು ಬರೆದ ಮೊತ್ತವನ್ನು ಮೇಲ್ಮಿತಿ ಎಂದಷ್ಟೇ ಹಿಡಿದು, ಅದರೊಳಗೆ ನ್ಯಾಯವೆನಿಸಿದ ಪರಿಹಾರ ಕೊಡುತ್ತದೆ. 12,000 ಬಾಕಿಗೆ ತಿಂಗಳಿಗೆ 15,000 ದಂಡ ಎಂದರೆ ಯಾವ ನ್ಯಾಯಾಧೀಶರೂ ಹುಬ್ಬೇರಿಸುತ್ತಾರೆ. ಶೇಕಡಾವಾರು ಬಡ್ಡಿ ಬರೆಯುವುದು ಮೇಲು.

ಅದೇ ಕಾಯ್ದೆಯ 29ನೆಯ ಕಲಮು, ಅರ್ಥ ಖಚಿತವಿಲ್ಲದ, ಖಚಿತಪಡಿಸಿಕೊಳ್ಳಲೂ ಬಾರದ ಒಪ್ಪಂದ ಶೂನ್ಯ ಎನ್ನುತ್ತದೆ. ಅಲ್ಲಿ ಕೊಟ್ಟಿರುವ ಉದಾಹರಣೆಯನ್ನು ನಾನು ಗಿರಾಕಿಗಳಿಗೆ ಹೇಳುತ್ತಿರುತ್ತೇನೆ: ಒಬ್ಬನು ಇನ್ನೊಬ್ಬನಿಗೆ ನೂರು ಟನ್ ಎಣ್ಣೆ ಮಾರಲು ಒಪ್ಪುತ್ತಾನೆ, ಯಾವ ಎಣ್ಣೆ ಎಂದು ತಿಳಿಯಲು ಯಾವ ದಾರಿಯೂ ಇಲ್ಲ. ಮಾರುವವನು ಕೊಬ್ಬರಿ ಎಣ್ಣೆಯ ವ್ಯಾಪಾರಿಯೇ ಆಗಿದ್ದರೆ ಮಾತ್ರ ಆ ಒಪ್ಪಂದ ಉಳಿಯುತ್ತದೆ. ‘ಲೋಗೋ ಮತ್ತು ಪ್ಯಾಕೆಟ್ ಮಾಡಿಕೊಡುವುದು’ ಎಂಬ ನಿಮ್ಮ ಫೋನಿನ ಮಾತು ಶೂನ್ಯವಾಗುವಷ್ಟು ಕೆಟ್ಟದ್ದಲ್ಲ, ಆದರೂ ನೂರು ಟನ್ ಎಣ್ಣೆಯ ಹತ್ತಿರದ ನೆಂಟನೇ.

ಧಾರವಾಡ, ವಿನ್ಯಾಸಕಿ

ವಕೀಲರಿಗೆ ಧನ್ಯವಾದಗಳು. ಎರಡು ಪ್ರಶ್ನೆಗಳಿವೆ. ಹಳೆಯ ಬಾಕಿಗೆ ನನ್ನ ಬಳಿ ಇರುವುದು ವಾಟ್ಸಾಪ್ ಸಂದೇಶಗಳು ಮತ್ತು ಮುಂಗಡ ಬಂದ ಯುಪಿಐ ದಾಖಲೆ ಮಾತ್ರ, ಇವು ನಿಲ್ಲುತ್ತವೆಯೇ? ಎರಡನೆಯದಾಗಿ, ಕರಾರನ್ನು ಸ್ಟಾಂಪ್ ಕಾಗದದ ಮೇಲೆ ಇಂಗ್ಲಿಷಿನಲ್ಲಿಯೇ ಬರೆಯಬೇಕೆಂದು ಪರಿಚಯದವರೊಬ್ಬರು ಹೇಳಿದರು.

ಹುಬ್ಬಳ್ಳಿ, ವಕೀಲರು

ಇಂಗ್ಲಿಷ್ ಬೇಕೆಂಬುದು ಸುಳ್ಳು. ನಮ್ಮ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿ ಕನ್ನಡ ನಡೆಯುತ್ತದೆ, ಕನ್ನಡದ ಕರಾರೂ ನಡೆಯುತ್ತದೆ. ಎರಡೂ ಭಾಷೆಯಲ್ಲಿ ಬರೆದರೆ ಮಾತ್ರ ವ್ಯತ್ಯಾಸ ಕಂಡಾಗ ಯಾವುದನ್ನು ಹಿಡಿಯಬೇಕೆಂದು ಹೇಳಿರಬೇಕು. ಸ್ಟಾಂಪಿನ ವಿಷಯ ಹೀಗೆ: ಸ್ಟಾಂಪ್ ಇಲ್ಲದ ಮಾತ್ರಕ್ಕೆ ಒಪ್ಪಂದ ಸತ್ತುಹೋಗುವುದಿಲ್ಲ, ಆದರೆ ಅದನ್ನು ಸಾಕ್ಷ್ಯವಾಗಿ ಹಾಜರುಪಡಿಸುವ ಹೊತ್ತಿಗೆ ಶುಲ್ಕವನ್ನೂ ಅದರ ಮೇಲೆ ದಂಡವನ್ನೂ ಕಟ್ಟಬೇಕಾಗುತ್ತದೆ. ಮೊತ್ತ ದೊಡ್ಡದಿದ್ದರೆ ಮೊದಲೇ ಇ-ಸ್ಟಾಂಪ್ ತೆಗೆದುಕೊಳ್ಳುವುದು ಜಾಣತನ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮಿನಂತೆ ಎಲೆಕ್ಟ್ರಾನಿಕ್ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಕರಾರನ್ನು ತಳ್ಳಿಹಾಕುವಂತಿಲ್ಲ. ಸಂದೇಶಗಳನ್ನು ನ್ಯಾಯಾಲಯದ ಮುಂದಿಡಲು 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಡಿ, ಅವು ಇಂಥ ಮೊಬೈಲಿನಿಂದಲೇ ಬಂದವು ಎಂದು ದೃಢಪಡಿಸುವ ಪ್ರಮಾಣಪತ್ರ ಬೇಕು. ಆದ್ದರಿಂದ ಆ ಮೊಬೈಲನ್ನು ಮಾರಬೇಡಿರಿ, ಚಾಟ್ ಅಳಿಸಬೇಡಿರಿ. ಸ್ಕ್ರೀನ್‌ಶಾಟ್ ಒಂದನ್ನೇ ನೆಚ್ಚಬೇಡಿರಿ. ಬಾಕಿ ವಸೂಲಿಗೆ ಕಾಲಮಿತಿ ಮೂರು ವರ್ಷ, ನಿಮಗೆ ಇನ್ನೂ ಅವಕಾಶವಿದೆ. ಮೊದಲು ನೋಟಿಸು ಹೋಗಲಿ. ಅದರಲ್ಲಿ ಬಾಕಿಯ ಮಾತಿನ ಜೊತೆಗೆ ಕೃತಿಸ್ವಾಮ್ಯದ ಮಾತೂ ಇರಲಿ.

ರಾಣೆಬೆನ್ನೂರು, ಬೀಜದ ವ್ಯಾಪಾರ

ಇಲ್ಲಿಯವರೆಗೆ ಮಾತಾಡಿದವರೆಲ್ಲ ಹಣ ಪಡೆಯುವ ಕಡೆಯವರು. ನಾನು ಕೊಡುವ ಕಡೆಯವನು. ನಮ್ಮ ಊರಿನಲ್ಲಿ ಬೀಜದ ಕಂಪನಿಗಳು ಎಷ್ಟಿವೆ ಎಂಬುದು ನಿಮಗೆ ಗೊತ್ತಿದೆ; ಪ್ರತಿ ಹಂಗಾಮಿಗೂ ಹೊಸ ಪ್ಯಾಕೆಟ್ ಬೇಕು, ಮತ್ತು ಆ ಪ್ಯಾಕೆಟ್ ಮುಂಗಾರಿಗೆ ಮುಂಚೆ ಅಂಗಡಿಯಲ್ಲಿರಬೇಕು. ಜೂನ್ ಕಳೆದ ಮೇಲೆ ಬಂದ ಪ್ಯಾಕೆಟ್ ಎಷ್ಟು ಚಂದವಿದ್ದರೂ ರದ್ದಿ.

ಒಂದು ವರ್ಷ ನಮ್ಮ ವಿನ್ಯಾಸಗಾರ ಏಪ್ರಿಲ್‌ನಲ್ಲಿ ಮುಂಗಡ ಪಡೆದು ಮೇ ತಿಂಗಳಿಡೀ ಫೋನ್ ಬಂದ್ ಇಟ್ಟ. ಆಮೇಲೆ ತಿಳಿಯಿತು, ತಂಗಿಯ ಮದುವೆಯಿತ್ತಂತೆ. ಹೇಳಿದ್ದರೆ ನಾವೇನೂ ಬೇಡವೆನ್ನುತ್ತಿರಲಿಲ್ಲ, ಬೇರೆ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದೆವು. ಇನ್ನೊಬ್ಬರು ಕೊಟ್ಟ ಪ್ಯಾಕೆಟ್ಟಿನ ಮೇಲಿದ್ದ ಟೊಮ್ಯಾಟೊ ಚಿತ್ರವೇ, ಅದೇ ನೀರಿನ ಹನಿಯ ಸಮೇತ, ನಮ್ಮ ಎದುರು ಅಂಗಡಿಯವರ ಪ್ಯಾಕೆಟ್ಟಿನ ಮೇಲೂ ಇತ್ತು. ಇಬ್ಬರೂ ಅಂತರಜಾಲದ ಒಂದೇ ಕಡೆಯಿಂದ ತೆಗೆದುಕೊಂಡಿದ್ದರು. ಹಾಗಾಗಿ ನೀವು ಬರೆಯುವ ಕರಾರಿನಲ್ಲಿ ನಮಗೂ ಏನಾದರೂ ಇರಲಿ. ಯಾವ ದಿನ ಮೊದಲ ಮಾದರಿ, ಯಾವ ದಿನ ಕೊನೆಯ ಫೈಲ್ ಎಂಬ ತಾರೀಖು ಇರಲಿ. ‘ಆದಷ್ಟು ಬೇಗ’ ಎಂಬುದು ತಾರೀಖಲ್ಲ. ನಾವು ಬರಹ ಕೊಡಲು ತಡ ಮಾಡಿದರೆ ಅಷ್ಟೇ ದಿನ ನಿಮ್ಮ ತಾರೀಖೂ ಮುಂದೆ ಹೋಗಲಿ, ಅದು ನ್ಯಾಯ. ಫೋಟೋ, ಅಕ್ಷರವಿನ್ಯಾಸ (ಫಾಂಟ್) ಎಲ್ಲಿಂದ ಬಂದದ್ದು, ಅದಕ್ಕೆ ಪರವಾನಗಿ ಇದೆಯೇ, ಎಐ ಬಳಸಿ ಚಿತ್ರ ಮಾಡಿದ್ದರೆ ಯಾವುದನ್ನು, ಇವನ್ನು ಮುಚ್ಚುಮರೆಯಿಲ್ಲದೆ ಬರೆದು ಕೊಡಿರಿ.

ಇನ್ನೊಂದು ಮಾತು ವಿನ್ಯಾಸಗಾರರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ನಮ್ಮ ಪ್ಲಾಸ್ಟಿಕ್ ಪೌಚ್ ಮುದ್ರಣವಾಗುವುದು ಗ್ರಾವ್ಯೂರ್ ಯಂತ್ರದಲ್ಲಿ; ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್ ಕೆತ್ತಿಸಬೇಕು. ಸಿಲಿಂಡರ್ ಕೆತ್ತಿದ ಮೇಲೆ ಒಂದು ಅಕ್ಷರ ಬದಲಾದರೂ ಆ ಬಣ್ಣದ ಸಿಲಿಂಡರ್ ಹೊಸದಾಗಿ ಆಗಬೇಕು, ಅದರ ಖರ್ಚು ಎಷ್ಟೋ ಸಲ ವಿನ್ಯಾಸದ ಖರ್ಚಿಗಿಂತ ಹೆಚ್ಚು. ಗದಗಿನವರು ಹೇಳಿದ ಸಹಿಯ ಪದ್ಧತಿ ನಮ್ಮಲ್ಲಿ ಇನ್ನೂ ಬಿಗಿಯಾಗಿದೆ. ಮೊಳಕೆಯ ಪ್ರಮಾಣ, ಶುದ್ಧತೆ, ಲಾಟ್ ನಂಬರು, ಪರೀಕ್ಷೆಯ ತಾರೀಖು ಇವು ಬರುವ ಜಾಗವನ್ನು ಖಾಲಿ ಬಿಡಿಸಿ ಆಮೇಲೆ ಅಚ್ಚು ಹಾಕಿಸುತ್ತೇವೆ. ವಿನ್ಯಾಸಗಾರ ಆ ಖಾಲಿ ಜಾಗವನ್ನು ‘ಬೋಳು ಕಾಣುತ್ತದೆ’ ಎಂದು ಎಲೆಯ ಚಿತ್ರದಿಂದ ತುಂಬಿಸಿದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇನೆ.

ಹುಬ್ಬಳ್ಳಿ, ವಿದ್ಯಾನಗರ, ಲೋಗೋ ಕೆಲಸ ಮಾಡುವವನು

ಅಕ್ಷರವಿನ್ಯಾಸದ ಮಾತು ಬಂದದ್ದರಿಂದ ಹೇಳುತ್ತೇನೆ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ ಇಂಥವು ಮುಕ್ತ ಪರವಾನಗಿಯವು, ವ್ಯಾಪಾರಕ್ಕೂ ಬಳಸಬಹುದು. ಇವನ್ನೇ ಬಳಸಿ ಹೆಸರನ್ನು ಕರಾರಿನಲ್ಲಿ ಬರೆದುಬಿಟ್ಟರೆ ಆ ತಲೆನೋವು ಹೋಯಿತು. ಇನ್ನು ಕನ್ನಡಕ್ಕೇ ಇರುವ ಒಂದು ತೊಡಕಿದೆ. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ರೂಪ ಹೊಂದಿಸಿದ್ದು) ಜೋಡಿಸಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ; ಯೂನಿಕೋಡ್ ಬರಹವನ್ನು ಹಳೆಯ ಕೋರಲ್‌ಡ್ರಾ (ವಿನ್ಯಾಸದ ತಂತ್ರಾಂಶ) ಆವೃತ್ತಿಯಲ್ಲಿ ತೆರೆದರೆ ಒತ್ತಕ್ಷರಗಳು ಚದುರುತ್ತವೆ. ಗಿರಾಕಿ ಅದನ್ನು ನೋಡಿ ‘ಫೈಲ್ ಕೆಟ್ಟಿದೆ, ಹಣ ಕೊಡುವುದಿಲ್ಲ’ ಎನ್ನುತ್ತಾನೆ. ಆದ್ದರಿಂದ ಕೊಡುವುದು ಅಕ್ಷರಗಳನ್ನು ಕರ್ವ್ ಮಾಡಿದ (ಫಾಂಟ್ ಬೇಡದಂತೆ ರೇಖೆಗಳಾಗಿಸಿದ) ಪಿಡಿಎಫ್, ಮುದ್ರಣದ ನಾಲ್ಕು ಬಣ್ಣಗಳ ಸಿಎಂವೈಕೆ ಕ್ರಮದಲ್ಲಿ, ಸುತ್ತಲೂ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ಸಮೇತ ಎಂದು ಬರೆಯಿರಿ. ಓಪನ್ ಫೈಲ್ ಬೇಕಾದರೆ ಅದಕ್ಕೆ ಬೇರೆ ದರ, ಮತ್ತು ಅದನ್ನು ಬೇರೆಯವರು ತೆರೆದು ಕೆಡಿಸಿದರೆ ಹೊಣೆಯಿಲ್ಲ.

ಕರಾರೇ ಬೇಡ ಎಂದಿದ್ದೆ. ವಕೀಲರ ಮಾತು ಓದಿದ ಮೇಲೆ ನನ್ನ ಹತ್ತು ಸಾವಿರದ ಗಡಿಯನ್ನು ಹಿಂದಕ್ಕೆ ಪಡೆಯುತ್ತೇನೆ. ಹಣ ಪೂರ್ತಿ ಮುಂಗಡ ಬಂದರೂ ಹಕ್ಕಿನ ಚೀಟಿ ಗಿರಾಕಿಗೆ ಬೇಕೇ ಬೇಕು. ಇಷ್ಟು ದಿನ ಯಾರಿಗೂ ಕೊಟ್ಟಿಲ್ಲವಲ್ಲ ಎಂದು ಈಗ ಮುಜುಗರವಾಗುತ್ತಿದೆ.

ಹುಬ್ಬಳ್ಳಿ, ತೆರಿಗೆ ಸಲಹೆಗಾರರು

ಸಂಕ್ಷೇಪವಾಗಿ ಎರಡು ಮಾತು. ಹೇಳಿದ ದರ ಟಿಡಿಎಸ್ (ಹಣ ಕೊಡುವವರೇ ಮುರಿದು ಸರಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಕಡಿತಕ್ಕೆ ಮುಂಚಿನದು ಎಂದು ಬರೆಯಿರಿ, ಇಲ್ಲವಾದರೆ ಕಂಪನಿ ಗಿರಾಕಿಗಳು ಶೇಕಡಾ 10 ಮುರಿದುಕೊಂಡು ಕೊಟ್ಟಾಗ ಹಣ ಕಡಿಮೆ ಬಂತೆಂದು ನೀವೇ ಜಗಳ ತೆಗೆಯುತ್ತೀರಿ. ವಾರ್ಷಿಕ ವಹಿವಾಟು 20 ಲಕ್ಷದ ಒಳಗಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ, ಆದರೆ ಮುಂದೆ ನೋಂದಣಿಯಾದರೆ ಶೇಕಡಾ 18 ಪ್ರತ್ಯೇಕ ಎಂಬ ಸಾಲು ಇರಲಿ.

ಇದಕ್ಕಿಂತ ಮುಖ್ಯವಾದದ್ದು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮವೆಂದು ಸರಕಾರದಲ್ಲಿ ಹೆಸರು ದಾಖಲಿಸುವುದು. ಅದಕ್ಕೆ ಶುಲ್ಕವಿಲ್ಲ, ಆಧಾರ್ ಮತ್ತು ಪ್ಯಾನ್ ಸಾಕು. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಡಿ ನಿಮ್ಮಂಥ ಸೂಕ್ಷ್ಮ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಕರಾರಿನಲ್ಲಿ ಎಷ್ಟೇ ದಿನ ಬರೆದರೂ 45 ದಿನ ಮೀರುವಂತಿಲ್ಲ, ಏನೂ ಬರೆಯದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ ಎಂಬ ಬಡ್ಡಿದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ನಿಮ್ಮ 500 ರೂಪಾಯಿ ದಂಡಕ್ಕಿಂತ ಇದು ಗಟ್ಟಿ. ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ನೋಂದಣಿ ಮಾಡಿಸಿ, ಸಂಖ್ಯೆಯನ್ನು ಕರಾರಿನಲ್ಲಿಯೂ ಬಿಲ್ಲಿನಲ್ಲಿಯೂ ಹಾಕಿರಿ.

ಧಾರವಾಡ, ವಿನ್ಯಾಸಕಿ

ಎಲ್ಲರ ಮಾತನ್ನು ಇಟ್ಟುಕೊಂಡು ಮತ್ತೆ ಬರೆದಿದ್ದೇನೆ. ಕಾನೂನಿನ ಪದಗಳನ್ನು ಆದಷ್ಟು ಬಿಟ್ಟಿದ್ದೇನೆ, ಏಕೆಂದರೆ ಇದನ್ನು ಓದಬೇಕಾದವರು ಅಂಗಡಿಯ ಗಲ್ಲೆಯ ಮೇಲೆ ಕುಳಿತು ಓದುತ್ತಾರೆ.

‘ಈ ಕೆಲಸದಲ್ಲಿ ಸೇರಿರುವುದು: ಒಂದು ಲೋಗೋ, 50, 100, 250 ಮತ್ತು 500 ಗ್ರಾಂ ಪ್ಯಾಕೆಟ್ಟಿನ ಮುಂಭಾಗ ಮತ್ತು ಹಿಂಭಾಗ. ಇಲ್ಲಿ ಹೇಳಿರದ ಬೋರ್ಡು, ಗಾಡಿ, ಕರಪತ್ರ ಇತ್ಯಾದಿ ಸೇರಿಲ್ಲ. ಮೊದಲು ಎರಡು ಮಾದರಿ ತೋರಿಸಲಾಗುವುದು. ನೀವು ಒಂದನ್ನು ಆರಿಸಿದ ಮೇಲೆ ಅದರಲ್ಲಿ ಮೂರು ಸುತ್ತು ಬದಲಾವಣೆ ದರದಲ್ಲಿಯೇ ಸೇರಿದೆ. ಒಂದು ಸುತ್ತು ಎಂದರೆ ನೀವು ಒಟ್ಟಾಗಿ ಒಂದೇ ಸಲ ಬರೆದು ಕಳಿಸುವ ಬದಲಾವಣೆಗಳು. ನನ್ನ ಕೈತಪ್ಪಿನಿಂದಾದ ದೋಷಗಳನ್ನು ಎಷ್ಟು ಸಲವಾದರೂ ಹಣವಿಲ್ಲದೆ ಸರಿಪಡಿಸುತ್ತೇನೆ. ಆರಿಸಿದ ಮಾದರಿಯನ್ನೇ ಬಿಟ್ಟು ಹೊಸದು ಬೇಕೆಂದರೆ ಅದು ಹೊಸ ಕೆಲಸ, ಅದರ ದರವನ್ನು ಮೊದಲೇ ತಿಳಿಸುತ್ತೇನೆ.

ಪ್ಯಾಕೆಟ್ಟಿನ ಮೇಲೆ ಬರಬೇಕಾದ ಬರಹ ಮತ್ತು ಸಂಖ್ಯೆಗಳನ್ನು ನೀವು ಬರಹದಲ್ಲಿ ಕೊಡಬೇಕು, ಕೊನೆಯ ಪ್ರೂಫಿನಲ್ಲಿ ಓದಿ ಬರಹದಲ್ಲಿಯೇ ಒಪ್ಪಬೇಕು. ಪ್ರೂಫ್ ಕಳಿಸಿದ ಏಳು ದಿನಗಳೊಳಗೆ ಉತ್ತರ ಬರದಿದ್ದರೆ ಕೆಲಸ ಮುಗಿದಂತೆ, ಉಳಿದ ಹಣ ಕೊಡತಕ್ಕದ್ದು. ಪ್ರೂಫನ್ನು ಮುದ್ರಣಕ್ಕೋ ಬೋರ್ಡಿಗೋ ಬಳಸಿದರೂ ಕೆಲಸ ಮುಗಿದಂತೆ.

ಹಣ ಮೂರು ಭಾಗ: ಆರಂಭಕ್ಕೆ ಶೇಕಡಾ 40, ಮಾದರಿ ಆರಿಸಿದಾಗ 30, ಕೊನೆಯ ಫೈಲಿಗೆ ಮುಂಚೆ 30. ನಡುವೆ ನೀವು ಕೆಲಸ ನಿಲ್ಲಿಸಿದರೆ ಅಲ್ಲಿಯವರೆಗಿನ ಭಾಗ ನನ್ನದು. ನಾನು ನಿಲ್ಲಿಸಿದರೆ ಮುಗಿಯದ ಭಾಗದ ಹಣ ಹಿಂದಿರುಗಿಸುತ್ತೇನೆ. ಪೂರ್ಣ ಹಣ ಸಂದ ದಿನದಿಂದ ಆಯ್ಕೆಯಾದ ವಿನ್ಯಾಸದ ಕೃತಿಸ್ವಾಮ್ಯ ಪೂರ್ತಿಯಾಗಿ, ಅದರ ಸಂಪೂರ್ಣ ಅವಧಿಗೆ, ಭಾರತದಾದ್ಯಂತ ನಿಮ್ಮದಾಗುತ್ತದೆ. ಒಂದು ವರ್ಷ ಬಳಸದಿದ್ದರೂ ನಿಮ್ಮದೇ ಆಗಿರುತ್ತದೆ. ನಾನು ಮಾಡಿದ ಕೆಲಸವೆಂದು ಇತರರಿಗೆ ತೋರಿಸಲು ನನಗೆ ಅನುಮತಿಯಿರುತ್ತದೆ.’

ಏಳು ದಿನದ ಮೌನವನ್ನು ಒಪ್ಪಿಗೆ ಎಂದು ಹಿಡಿಯಬಹುದೇ?

ಹುಬ್ಬಳ್ಳಿ, ವಕೀಲರು

ಸುಮ್ಮನಿದ್ದಾನೆಂದು ಯಾರನ್ನೂ ಕರಾರಿಗೆ ಎಳೆಯಲು ಬಾರದು. ಆದರೆ ಮೌನಕ್ಕೆ ಇಂಥ ಅರ್ಥ ಎಂದು ಇಬ್ಬರೂ ಮೊದಲೇ ಸಹಿ ಮಾಡಿದ್ದರೆ ಅದು ಬೇರೆ ಮಾತು, ಆಗ ನಡೆಯುತ್ತದೆ. ಪ್ರೂಫ್ ಕಳಿಸುವಾಗ ‘ಏಳು ದಿನ ಈ ತಾರೀಖಿಗೆ ಮುಗಿಯುತ್ತದೆ’ ಎಂದು ನೆನಪಿಸಿರಿ. ‘ಬಳಸಿದರೂ ಕೆಲಸ ಮುಗಿದಂತೆ’ ಎಂಬ ಸಾಲು ಇಡೀ ಕರಾರಿನಲ್ಲಿ ನನಗೆ ಬಹಳ ಹಿಡಿಸಿತು. ‘ಫೈನಲ್ ಆಗಿಲ್ಲಲ್ರೀ’ ಎನ್ನುವವರಿಗೆ ಅವರ ಬೋರ್ಡೇ ಉತ್ತರ ಕೊಡುತ್ತದೆ. ವ್ಯಾಜ್ಯ ಬಂದರೆ ಧಾರವಾಡದ ನ್ಯಾಯಾಲಯ ಎಂದು ಸೇರಿಸಿರಿ, ಕೆಲಸವೂ ಹಣ ಪಾವತಿಯೂ ಅಲ್ಲಿ ಆಗುವುದರಿಂದ ಅದು ನಿಲ್ಲುತ್ತದೆ. ಸಂಬಂಧವೇ ಇಲ್ಲದ ಊರಿನ ನ್ಯಾಯಾಲಯಕ್ಕೆ ನೀವೂ ಗಿರಾಕಿಯೂ ಇಬ್ಬರೂ ಒಪ್ಪಿದರೂ ಅಧಿಕಾರ ಬರುವುದಿಲ್ಲ.

ಗದಗ, ಮುದ್ರಣಾಲಯ ನಡೆಸುವವರು

‘ಒಟ್ಟಾಗಿ ಒಂದೇ ಸಲ’ ಎಂದು ಬರೆದದ್ದು ಸರಿ. ಯಾರು ಕಳಿಸಬೇಕು ಎಂಬುದನ್ನೂ ಬರೆಯಿರಿ ತಂಗೀ. ಮನೆತನದ ವ್ಯಾಪಾರದಲ್ಲಿ ಅಣ್ಣ ಕೆಂಪು ಎನ್ನುತ್ತಾನೆ, ತಮ್ಮ ಹಳದಿ ಎನ್ನುತ್ತಾನೆ, ಸೊಸೆ ಇಂಗ್ಲಿಷ್ ಹೆಸರು ದೊಡ್ಡದಾಗಲಿ ಎನ್ನುತ್ತಾಳೆ. ಒಬ್ಬರ ಹೆಸರು, ಒಂದು ಮೊಬೈಲ್ ನಂಬರು. ಆ ನಂಬರಿನಿಂದ ಬಂದದ್ದೇ ಮಾತು.

ಧಾರವಾಡ, ವಿನ್ಯಾಸಕಿ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಉದ್ಯಮ್ ನೋಂದಣಿಯಾಯಿತು. ಹಳೆಯ ಬಾಕಿಗೆ ನೋಟಿಸು ಹೋಗಿದೆ, ಉತ್ತರ ಇನ್ನೂ ಬಂದಿಲ್ಲ.

ಹೊಸ ಕರಾರನ್ನು ಮೊದಲ ಸಲ ಬಳಸಿದ್ದು ಹಾವೇರಿಯ ಏಲಕ್ಕಿ ಮಾಲೆ ಮಾಡುವವರೊಬ್ಬರ ಪೆಟ್ಟಿಗೆಯ ಕೆಲಸಕ್ಕೆ. ವಕೀಲರು ಹೇಳಿಕೊಟ್ಟಂತೆ ಹಕ್ಕಿನ ಮಾತಿನಿಂದಲೇ ಆರಂಭಿಸಿದೆ. ಅವರು ಕನ್ನಡಕ ಹಾಕಿಕೊಂಡು, ಎರಡೂ ಪುಟಗಳನ್ನು ಬೆರಳಿಟ್ಟು ಓದಿದರು. ಜೇಬಿನಿಂದ ಪೆನ್ನು ತೆಗೆದು ‘ಏಳು ದಿನ’ ಎಂಬುದನ್ನು ಹೊಡೆದು ‘ಹತ್ತು ದಿನ’ ಎಂದು ಬರೆದರು; ಮದುವೆ ಹಂಗಾಮಿನಲ್ಲಿ ಮಾಲೆ ಪೋಣಿಸುವುದು ಬಿಟ್ಟು ಬೇರೆ ಏನನ್ನೂ ನೋಡಲು ಪುರುಸೊತ್ತಿರುವುದಿಲ್ಲವಂತೆ. ಆಮೇಲೆ ‘ಭಾರತದಾದ್ಯಂತ’ ಎಂಬ ಮಾತಿನ ಮೇಲೆ ಪೆನ್ನು ನಿಲ್ಲಿಸಿ, “ನಮ್ಮ ಮಾಲಿ ದುಬೈಗೂ ಹೋಗ್ತಾವಲ್ರೀ, ಅಲ್ಲಿ ಈ ಡಬ್ಬಿ ಯಾರದು?” ಎಂದು ಕೇಳಿದರು. ನಾಲ್ಕು ವರ್ಷದಲ್ಲಿ ಯಾವ ಗಿರಾಕಿಯೂ ನನಗೆ ಅಂಥ ಪ್ರಶ್ನೆ ಕೇಳಿರಲಿಲ್ಲ. ‘ಜಗತ್ತಿನಾದ್ಯಂತ’ ಎಂದು ತಿದ್ದಿ, ಎರಡೂ ತಿದ್ದುಪಡಿಗಳ ಪಕ್ಕದಲ್ಲಿ ಇಬ್ಬರೂ ಚಿಕ್ಕ ಸಹಿ ಹಾಕಿದೆವು, ಒಂದೊಂದು ಪ್ರತಿ ಇಟ್ಟುಕೊಂಡೆವು.